ಒರಳು, ಬುಟ್ಟಿ ಮತ್ತು ಅಕ್ಕಿಯ ಪೀಪಾಯಿ: ವಸಾಹತು ಕಾಲದ ದಕ್ಷಿಣ ಕೆರೊಲಿನಾದ ದುಡಿಮೆ ಹಾಗೂ ದಿನಚರಿ

ಉತ್ತರ ಅಮೆರಿಕದ ಬ್ರಿಟಿಷ್ ವಸಾಹತುಗಳ ಆರ್ಥಿಕ ಚರಿತ್ರೆಯನ್ನು ನಿರೂಪಿಸುವಾಗ ಅವುಗಳನ್ನು ಪ್ರದೇಶವಾರು ವಿಂಗಡಿಸಿ, ಒಂದೊಂದು ಪ್ರದೇಶಕ್ಕೆ ಒಂದೊಂದು ಸರಕಿನ ಹೆಸರನ್ನು ಜೋಡಿಸುವುದು ವಿದ್ವಾಂಸರಲ್ಲಿ ರೂಢಿಯಾಗಿದೆ. ನ್ಯೂ ಇಂಗ್ಲೆಂಡಿಗೆ ಕಾಡ್ ಮೀನು ಮತ್ತು ಹಡಗು, ಪೆನ್ಸಿಲ್ವೇನಿಯ-ನ್ಯೂಯಾರ್ಕ್ ಸೀಮೆಗೆ ಗೋಧಿ ಮತ್ತು ಹಿಟ್ಟು, ವರ್ಜೀನಿಯ-ಮೇರಿಲ್ಯಾಂಡ್‌ಗಳಿಗೆ ಹೊಗೆಸೊಪ್ಪು, ಅವುಗಳಿಗೂ ದಕ್ಷಿಣದ ಕರಾವಳಿಗೆ ಅಕ್ಕಿ ಮತ್ತು ನೀಲಿ. ಈ ವಿಂಗಡಣೆ ತಪ್ಪೇನೂ ಅಲ್ಲ. ಆದರೆ ಸರಕಿನ ಹೆಸರು ಮುಂದೆ ಬಂದ ಕೂಡಲೇ ಅದನ್ನು ತಯಾರಿಸಿದವರ ದಿನಚರಿಯೂ ಅವರ ತಿಳಿವಳಿಕೆಯೂ ಹಿಂದೆ ಸರಿದುಬಿಡುತ್ತವೆ. ಯಜಮಾನರ ಲೆಕ್ಕಪುಸ್ತಕಗಳು ಪೀಪಾಯಿಗಳನ್ನು ಎಣಿಸುತ್ತವೆ. ಪೀಪಾಯಿ ತುಂಬಿದ ಕೈಗಳನ್ನು ಆಸ್ತಿಯ ಪಟ್ಟಿಯಲ್ಲಿ ಬೆಲೆ ಕಟ್ಟಿ ಬರೆಯುತ್ತವೆ. ಇಂಥ ಕಡೆ ಜಾನಪದ ಅಧ್ಯಯನದ ಆಕರಗಳಾದ ಉಪಕರಣ, ಕಸುಬು, ನುಡಿ ಮತ್ತು ಹಾಡುಗಳು ಎಷ್ಟರಮಟ್ಟಿಗೆ ನೆರವಾಗಬಲ್ಲವು ಎಂಬುದನ್ನು ದಕ್ಷಿಣ ಕೆರೊಲಿನಾದ ಅಕ್ಕಿಯ ನಿದರ್ಶನದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪ್ರದೇಶಗಳು ಒಂದಕ್ಕೊಂದು ಸಂಬಂಧವಿಲ್ಲದ ದ್ವೀಪಗಳಾಗಿರಲಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ನ್ಯೂ ಇಂಗ್ಲೆಂಡಿನ ಒಳ್ಳೆಯ ಒಣಮೀನು ಸ್ಪೇನ್, ಪೋರ್ಚುಗಲ್‌ಗಳಿಗೆ ಹೋದರೆ, ಕೀಳು ದರ್ಜೆಯದು ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳ ಗುಲಾಮರ ಊಟಕ್ಕೆ ಹೋಗುತ್ತಿತ್ತು. ಗುಲಾಮರನ್ನೇ ಇಟ್ಟುಕೊಳ್ಳದ ಬೆಸ್ತರ ಹಳ್ಳಿಯ ಬದುಕೂ ಗುಲಾಮಗಿರಿಯ ಮೇಲೆಯೇ ನಿಂತಿತ್ತು.

ಕೆರೊಲಿನಾದ ಹುಟ್ಟಿನಲ್ಲಿಯೇ ಈ ನಂಟು ಕಾಣುತ್ತದೆ. 1670ರಲ್ಲಿ ನೆಲೆಗೊಂಡ ಚಾರ್ಲ್ಸ್ ಟೌನಿಗೆ ಮೊದಲು ಬಂದವರಲ್ಲಿ ಬಾರ್ಬಡೋಸ್ ದ್ವೀಪದ ತೋಟಗಾರರೂ ಅವರ ಗುಲಾಮರೂ ಇದ್ದರು. ಆರಂಭದ ದಶಕಗಳಲ್ಲಿ ದನಕರುಗಳ ಸಾಕಣೆ, ಜಿಂಕೆಯ ಚರ್ಮ, ಹಡಗಿಗೆ ಬೇಕಾದ ಟಾರು ಮತ್ತು ರಾಳ ಇವೇ ಆದಾಯದ ಮೂಲಗಳು. ಮೂಲನಿವಾಸಿಗಳನ್ನು ಸೆರೆಹಿಡಿದು ಮಾರುವ ವ್ಯಾಪಾರವೂ ನಡೆಯುತ್ತಿತ್ತು. 1690ರ ದಶಕದಲ್ಲಿ ಭತ್ತದ ಬೇಸಾಯ ಬೇರೂರಿದ ಮೇಲೆ ಚಿತ್ರ ಬದಲಾಯಿತು. 1708ರ ಸುಮಾರಿಗೆ ಆಫ್ರಿಕನ್ ಮೂಲದವರ ಸಂಖ್ಯೆ ಬಿಳಿಯರ ಸಂಖ್ಯೆಯನ್ನು ಮೀರಿತು. 1740ರ ಹೊತ್ತಿಗೆ ಅವರು ಜನಸಂಖ್ಯೆಯ ಸುಮಾರು ಮೂರನೇ ಎರಡು ಪಾಲಾಗಿದ್ದರು. 1770ರ ದಶಕದ ಆರಂಭದಲ್ಲಿ ವರ್ಷಕ್ಕೆ ಆರು ಕೋಟಿ ಪೌಂಡಿಗೂ ಹೆಚ್ಚು ಅಕ್ಕಿ ಹಡಗೇರುತ್ತಿತ್ತು. ಚಾರ್ಲ್ಸ್ ಟೌನಿನ ಸಿರಿವಂತರ ಮನೆಗಳ ಇಂಗ್ಲಿಷ್ ಪೀಠೋಪಕರಣ, ಸಂಗೀತಗೋಷ್ಠಿ, ಕುದುರೆಪಂದ್ಯ ಇವೆಲ್ಲಕ್ಕೂ ಮೂಲ ಈ ಜೌಗು ನೆಲವೇ.

ಜೌಗು ನೆಲದ ವರ್ಷ ಹೇಗಿತ್ತು? ಮೊದಲು ಮರ ಕಡಿದು, ಬೇರು ಕಿತ್ತು, ಗುದ್ದಲಿಯಿಂದ ಬದು ಹಾಕಬೇಕು. ಮಳೆಯ ನೀರನ್ನು ಮೇಲಿನ ತಗ್ಗಿನಲ್ಲಿ ಕೆರೆಯಂತೆ ಕಟ್ಟಿ ನಿಲ್ಲಿಸಿ ಕೆಳಗಿನ ಗದ್ದೆಗೆ ಬಿಡುವುದು ಹಳೆಯ ಕ್ರಮ. ಹದಿನೆಂಟನೆಯ ಶತಮಾನದ ನಡುವಿನಿಂದ ನದೀಮುಖಗಳಲ್ಲಿ ಕಡಲಿನ ಉಬ್ಬರ ಮೇಲೆತ್ತುವ ಸಿಹಿನೀರನ್ನೇ ತೂಬಿನ ಮೂಲಕ ಗದ್ದೆಗೆ ಹಾಯಿಸುವ ಕ್ರಮ ಹರಡಿತು. ವಸಂತದಲ್ಲಿ ಹಿಮ್ಮಡಿಯಿಂದ ಗುಳಿಮಾಡಿ ಬೀಜ ಹಾಕಿ ಪಾದದಿಂದ ಮಣ್ಣು ಮುಚ್ಚುವುದು. ಬೇಸಿಗೆಯುದ್ದಕ್ಕೂ ಸೊಳ್ಳೆ ಮತ್ತು ಹಾವುಗಳ ನಡುವೆ ಕಳೆ ಕೀಳುವುದು. ಬೇಸಿಗೆಯ ಕೊನೆಗೆ ಕೊಯ್ಲು, ಅನಂತರ ಬಡಿತ.

ನಿಜವಾದ ದಣಿವು ಕೊಯ್ಲಿನ ಬಳಿಕ ಆರಂಭವಾಗುತ್ತಿತ್ತು ಎನ್ನಬೇಕು. ನೀರಿನ ಬಲದಿಂದ ನಡೆಯುವ ಅಕ್ಕಿ ಗಿರಣಿಯನ್ನು ಜೊನಾಥನ್ ಲ್ಯೂಕಾಸ್ ನಿರ್ಮಿಸಿದ್ದು 1787ರಲ್ಲಿ, ಅಂದರೆ ವಸಾಹತು ಯುಗ ಮುಗಿದ ಮೇಲೆ. ಅಲ್ಲಿಯವರೆಗೆ ರಫ್ತಾದ ಅಕ್ಕಿಯಲ್ಲಿ ಬಹುಪಾಲನ್ನು ಮರದ ದಿಮ್ಮಿ ಕೊರೆದು ಮಾಡಿದ ಒರಳಿನಲ್ಲಿ ಒನಕೆಯಿಂದ ಮನುಷ್ಯರೇ ಕುಟ್ಟಿದರು. ಹಗಲಿನ ಹೊಲದ ಕೆಲಸಕ್ಕೆ ಮೊದಲು ಒಂದು ಸರದಿ, ಅದು ಮುಗಿದ ಮೇಲೆ ಇನ್ನೊಂದು. ಒನಕೆ ಹಿಡಿದು ಬಲ್ಲವರಿಗೆ ಇಲ್ಲಿನ ಸೂಕ್ಷ್ಮ ಥಟ್ಟನೆ ಹೊಳೆಯುತ್ತದೆ: ತೌಡು ಬಿಡಬೇಕು, ಕಾಳು ಮುರಿಯಬಾರದು. ಇಡಿಯಕ್ಕಿಗೆ ಯೂರೋಪಿನಲ್ಲಿ ಬೆಲೆ. ನುಚ್ಚು ಕುಟ್ಟಿದವರ ಪಾಲಿಗೆ ಉಳಿಯುತ್ತಿತ್ತು.

ಪಶ್ಚಿಮ ಆಫ್ರಿಕದ ಭತ್ತದ ಸೀಮೆಗಳಲ್ಲಿ ಕುಟ್ಟುವುದು ಹೆಂಗಸರ ಕೆಲಸ. ಮನೆಯ ಅಂದಂದಿನ ಊಟಕ್ಕೆ ಬೇಕಾದಷ್ಟನ್ನು ಮಾತ್ರ ಕುಟ್ಟುವ ಕೆಲಸ. ಕೆರೊಲಿನಾದಲ್ಲಿ ಉಪಕರಣ ಅದೇ ಉಳಿಯಿತು, ಅಳತೆ ಬದಲಾಯಿತು, ಗಂಡಸರನ್ನೂ ಅದಕ್ಕೆ ಹಚ್ಚಲಾಯಿತು. ಅಡುಗೆಮನೆಯ ಒಂದು ಕೆಲಸ ಖಂಡಾಂತರ ವ್ಯಾಪಾರದ ಯಂತ್ರವಾಗಿ ಮಾರ್ಪಟ್ಟದ್ದು ಹೀಗೆ. ನನ್ನ ದೃಷ್ಟಿಯಲ್ಲಿ ಈ ಮಾರ್ಪಾಟು ರಫ್ತಿನ ಅಂಕಿಅಂಶಗಳಿಗಿಂತ ಮುಖ್ಯವಾದ ಚಾರಿತ್ರಿಕ ಸಂಗತಿ. ನಮ್ಮಲ್ಲಿ ಕುಟ್ಟುವ ಹಾಡುಗಳನ್ನು ಸಂಗ್ರಹಿಸಿದವರು ಆ ಹಾಡುಗಳನ್ನು ಮನೆಯ ಒರಳಿನ ಸುತ್ತ ಕೇಳಿದ್ದಾರೆ. ಮುಂದಿನ ತಲೆಮಾರಿನವರೆಗೂ ಯಜಮಾನನ ಸ್ವತ್ತಾಗಿರುವವರ ಒರಳನ್ನು ಅದೇ ಕಿವಿಯಿಂದ ಕೇಳಲಾಗದು.

ಈ ಬೇಸಾಯದ ತಿಳಿವಳಿಕೆ ಯಾರದು ಎಂಬ ಪ್ರಶ್ನೆ ದೀರ್ಘಕಾಲ ಎದ್ದೇ ಇರಲಿಲ್ಲ. ಯಜಮಾನರ ಜಾಣ್ಮೆಯೆಂದೇ ಭಾವಿಸಲಾಗಿತ್ತು. 1974ರಲ್ಲಿ ಪೀಟರ್ ವುಡ್, 1981ರಲ್ಲಿ ಡೇನಿಯಲ್ ಲಿಟಲ್‌ಫೀಲ್ಡ್, 2001ರಲ್ಲಿ ಜೂಡಿತ್ ಕಾರ್ನಿ ಆ ಭಾವನೆಯನ್ನು ಅಲುಗಿಸಿದರು. ಇಂಗ್ಲೆಂಡಿನಿಂದ ಬಂದವರಿಗೆ ಭತ್ತದ ಬೇಸಾಯದ ಪರಿಚಯವಿರಲಿಲ್ಲ. ಸೆನೆಗಾಂಬಿಯದಿಂದ ಸಿಯೆರಾ ಲಿಯೋನ್‌ವರೆಗಿನ ಕರಾವಳಿಯ ಜನರಿಗೆ ಅದು ಹಲವು ಶತಮಾನಗಳ ಕಸುಬು. ಬೀಜ ಊರುವ ರೀತಿ, ಟೊಳ್ಳು ಮರದ ತೂಬು, ಒರಳು, ಕೇರುವ ಬುಟ್ಟಿ ಎರಡೂ ದಡಗಳಲ್ಲಿ ಹೋಲುತ್ತವೆ. ಚಾರ್ಲ್ಸ್ ಟೌನಿನ ಹರಾಜಿನ ಜಾಹೀರಾತುಗಳೇ ಬಂದವರನ್ನು ‘ಅಕ್ಕಿ ಕರಾವಳಿ’ಯವರೆಂದು ಹೊಗಳಿ ಮಾರುತ್ತಿದ್ದವು. ಆದರೆ 2007ರಲ್ಲಿ ಡೇವಿಡ್ ಎಲ್ಟಿಸ್, ಫಿಲಿಪ್ ಮಾರ್ಗನ್ ಮತ್ತು ಡೇವಿಡ್ ರಿಚರ್ಡ್‌ಸನ್ ಗುಲಾಮರ ಹಡಗುಗಳ ಯಾನದ ದಾಖಲೆಗಳನ್ನು ಮುಂದಿಟ್ಟು ಈ ವಾದವನ್ನು ಪ್ರಶ್ನಿಸಿದರು. ಬೇಸಾಯ ವೇಗವಾಗಿ ಬೆಳೆದ 1730ರ ದಶಕದಲ್ಲಿ ಬಂದವರಲ್ಲಿ ಹೆಚ್ಚಿನವರು ಭತ್ತವೇ ಮುಖ್ಯವಲ್ಲದ ಅಂಗೋಲಾ ಕಡೆಯವರು. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಹೋಲಿಕೆ ಕಂಡಲ್ಲೆಲ್ಲ ಮೂಲವನ್ನು ಸಾರಿಬಿಡುವುದು ಜಾನಪದ ವಿದ್ವಾಂಸರಾದ ನಮ್ಮ ಹಳೆಯ ದೌರ್ಬಲ್ಯ. ಇಡೀ ಬೇಸಾಯಪದ್ಧತಿ ಹಾಗೆಯೇ ಹಡಗಿನಲ್ಲಿ ಬಂದಿತೆನ್ನುವುದು ಕಷ್ಟ. ಆದರೆ ಒರಳು ಮತ್ತು ಬುಟ್ಟಿಯ ವಿಷಯದಲ್ಲಿ ಸಾಕ್ಷ್ಯ ಬಲವಾಗಿದೆ. ಒಂದು ಕಸುಬು ಹರಡಲು ಆ ಹಡಗಿನವರೆಲ್ಲರೂ ಅದನ್ನು ಬಲ್ಲವರಾಗಿರಬೇಕಿಲ್ಲ; ಬಲ್ಲ ಕೆಲವರಿಂದ ಉಳಿದವರು ಕಲಿಯುತ್ತಾರೆ.

ದುಡಿಮೆಯನ್ನು ಇಲ್ಲಿ ದಿನದ ಗೊತ್ತಾದ ಪಾಲಿನಂತೆ ಹಂಚಲಾಗುತ್ತಿತ್ತು. ಕಳೆ ಕೀಳಲು ಸಾಮಾನ್ಯವಾಗಿ ಕಾಲು ಎಕರೆ ಒಬ್ಬರ ಪಾಲು. ಅದು ಮುಗಿದರೆ ಉಳಿದ ಹೊತ್ತು ತಮ್ಮದು. ವರ್ಜೀನಿಯದ ಹೊಗೆಸೊಪ್ಪಿನ ಹೊಲಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಗುಂಪಾಗಿ ದುಡಿಸುವ ಕ್ರಮವಿತ್ತು. ಹೀಗೆ ಬೆಳೆಯೊಂದಿಗೆ ಹೊತ್ತಿನ ಲೆಕ್ಕವೂ ಬೇರೆಯಾಯಿತು. ಉಳಿಸಿಕೊಂಡ ಹೊತ್ತಿನಲ್ಲಿ ಕೆರೊಲಿನಾದವರು ಸ್ವಂತಕ್ಕೆ ತರಕಾರಿ ಬೆಳೆದರು, ಕೋಳಿ ಸಾಕಿದರು, ಬುಟ್ಟಿ ಹೆಣೆದರು. ಚಾರ್ಲ್ಸ್ ಟೌನಿನ ಸಂತೆಯಲ್ಲಿ ಕುಳಿತು ಮಾರುತ್ತಿದ್ದ ಆಫ್ರಿಕನ್ ಹೆಂಗಸರ ಬಗ್ಗೆ ಬಿಳಿಯರ ದೂರುಗಳು ದಾಖಲಾಗಿವೆ. ಆದರೂ ಇದನ್ನು ಸ್ವಾತಂತ್ರ್ಯವೆನ್ನಲಾಗದು. 1739ರ ಸೆಪ್ಟೆಂಬರಿನಲ್ಲಿ ಸ್ಟೋನೊ ನದಿಯ ಬಳಿ ಗುಲಾಮರು ಡೋಲು ಬಾರಿಸುತ್ತ ದಂಗೆಯೆದ್ದರು. ಮರುವರ್ಷದ ಶಾಸನ ಡೋಲು ಮತ್ತು ಕೊಂಬುಗಳನ್ನು ನಿಷೇಧಿಸಿತು. ಗುಲಾಮರಿಗೆ ಬರವಣಿಗೆ ಕಲಿಸುವುದನ್ನು ಅಪರಾಧವಾಗಿಸಿತು. ಅದೇ ಶಾಸನ ಬೇಸಿಗೆಯ ಆರು ತಿಂಗಳು ದಿನಕ್ಕೆ 15 ಗಂಟೆ, ಉಳಿದ ಆರು ತಿಂಗಳು 14 ಗಂಟೆಗಿಂತ ಹೆಚ್ಚು ದುಡಿಸಬಾರದೆಂದು ಮಿತಿ ಹಾಕಿತು. ಮಿತಿಯೇ ಇಷ್ಟಿದ್ದರೆ ರೂಢಿ ಎಷ್ಟಿದ್ದಿರಬೇಕೆಂದು ಓದುಗರು ಊಹಿಸಬಹುದು.

ಬರವಣಿಗೆಯನ್ನು ಕಾನೂನೇ ತಡೆದ ಸಮುದಾಯದ ಚರಿತ್ರೆಯನ್ನು ಬರಹದಲ್ಲಿ ಮಾತ್ರ ಹುಡುಕುವುದು ಸಲ್ಲದು. ಕರಾವಳಿಯ ಈ ಜನರ ಗಲ್ಲಾ ನುಡಿಯನ್ನು ಕೆಟ್ಟ ಇಂಗ್ಲಿಷ್ ಎಂದು ಕಡೆಗಣಿಸಲಾಗಿತ್ತು. ಅದರಲ್ಲಿನ ಆಫ್ರಿಕನ್ ಭಾಷೆಗಳ ಪದಸಂಪತ್ತನ್ನು ಲೊರೆಂಜೊ ಡೌ ಟರ್ನರ್ 1949ರ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟರು. ಅದಕ್ಕೂ ಮೊದಲು, 1930ರ ದಶಕದ ಆರಂಭದಲ್ಲಿ, ಅವರು ನೆರೆಯ ಜಾರ್ಜಿಯದ ಹ್ಯಾರಿಸ್ ನೆಕ್ ಎಂಬಲ್ಲಿ ಅಮೀಲಿಯ ಡಾಲಿ ಎಂಬಾಕೆಯಿಂದ ಒಂದು ಹಾಡನ್ನು ಧ್ವನಿಮುದ್ರಿಸಿಕೊಂಡರು. ಹಾಡಿದಾಕೆಗೆ ಅದರ ಅರ್ಥ ತಿಳಿದಿರಲಿಲ್ಲ. ಅದು ಮೆಂಡೆ ಭಾಷೆಯ ಹಾಡು. 1990ರ ದಶಕದಲ್ಲಿ ಜೋಸೆಫ್ ಒಪಾಲ, ಸಿಂತಿಯ ಸ್ಮಿತ್ ಮತ್ತು ತಾಜಿಯೆಫ್ ಕೊರೊಮಾ ಸಿಯೆರಾ ಲಿಯೋನಿನ ಒಂದು ಹಳ್ಳಿಯಲ್ಲಿ ಅದನ್ನೇ ಹೋಲುವ ಹಾಡನ್ನು ಗುರುತಿಸಿದರು. ಅಲ್ಲಿ ಅದು ಸಾವಿನ ವಿಧಿಯಲ್ಲಿ ಹೆಂಗಸರು ಹಾಡುತ್ತಿದ್ದ ಹಾಡು. ಜಾರ್ಜಿಯದ ಆ ಮನೆಯಲ್ಲಿ ಅದನ್ನು ತಾಯಿ ಮಗಳಿಗೆ ಕಲಿಸುತ್ತ ಬಂದಿದ್ದಳು. 1997ರಲ್ಲಿ ಡಾಲಿಯವರ ಮಗಳು ಮೇರಿ ಮೊರಾನ್ ಆ ಹಳ್ಳಿಗೆ ಹೋಗಿ ಹಾಡಿ ಬಂದರು.

ಬುಟ್ಟಿಯ ಕಥೆ ಇನ್ನೂ ಮುಂದುವರಿದಿದೆ. ವಸಾಹತು ಕಾಲದಲ್ಲಿ ಜೊಂಡಿನ ಸುರುಳಿಗಳನ್ನು ತಾಳೆಯ ಗರಿಯ ಸೀಳಿನಿಂದ ಬಿಗಿದು ಹೊಲೆದ ಅಗಲವಾದ ಕೇರುಬುಟ್ಟಿಗಳನ್ನು ಹೆಚ್ಚಾಗಿ ಗಂಡಸರು ಮಾಡುತ್ತಿದ್ದರು. ಇಪ್ಪತ್ತನೆಯ ಶತಮಾನದ ಆರಂಭದ ಬಿರುಗಾಳಿಗಳ ಬಳಿಕ ಅಲ್ಲಿ ಅಕ್ಕಿಯ ದೊಡ್ಡ ಬೇಸಾಯ ನಿಂತುಹೋಯಿತು, ಬುಟ್ಟಿ ನಿಲ್ಲಲಿಲ್ಲ. ಚಾರ್ಲ್ಸ್‌ಟನ್ ಪಕ್ಕದ ಮೌಂಟ್ ಪ್ಲೆಸೆಂಟ್‌ನ ಹೆದ್ದಾರಿಯ ಬದಿಯಲ್ಲಿ ಹೆಂಗಸರು ಅದೇ ಹೊಲಿಗೆಯ ಬುಟ್ಟಿಗಳನ್ನು ಮೆದುವಾದ ಸುವಾಸನೆಯ ಹುಲ್ಲಿನಿಂದ ಮಾಡಿ ಪ್ರವಾಸಿಗಳಿಗೆ ಮಾರುತ್ತ ಬಂದಿದ್ದಾರೆ. 2006ರಲ್ಲಿ ಅಮೆರಿಕದ ಕಾಂಗ್ರೆಸ್ ಈ ಕರಾವಳಿಯನ್ನು ಗಲ್ಲಾ-ಗೀಚಿ ಸಾಂಸ್ಕೃತಿಕ ಪರಂಪರೆಯ ವಲಯವೆಂದು ಘೋಷಿಸಿತು. ಆದರೆ ಕಡಲ ದಂಡೆಯ ಉದ್ದಕ್ಕೂ ಬಡಾವಣೆಗಳು ಎದ್ದಿರುವುದರಿಂದ ಹುಲ್ಲು ಬೆಳೆಯುವ ಜಾಗಗಳು ಬೇಲಿಯ ಒಳಗೆ ಸೇರಿವೆ. ಬುಟ್ಟಿ ಹೊಲೆಯುವವರು ಹುಲ್ಲಿಗಾಗಿ ಬಹಳ ದೂರ ಹೋಗಬೇಕಾಗಿ ಬಂದಿದೆ.