ಅಡವಿಟ್ಟ ಒಡವೆ, ಕೊಂಡ ಹೋಟೆಲು

ನಮ್ಮ ಕಡೆ ಹೋಟೆಲು ಎಂದರೆ ತಿಂಡಿ ಕಾಫಿಯ ಜಾಗ. ರಾತ್ರಿ ಉಳಿದುಕೊಳ್ಳುವ ಜಾಗಕ್ಕೆ ಲಾಡ್ಜು ಎನ್ನುತ್ತೇವೆ. ಇಂಗ್ಲಿಷರ ಹೋಟೆಲಿನಲ್ಲಿ ಕೋಣೆಯೇ ಮುಖ್ಯ, ಊಟ ಆಮೇಲಿನದು. ಈ ಎರಡೂ ಅರ್ಥದ ಹೋಟೆಲುಗಳ ಇತಿಹಾಸವನ್ನು ಹಿಡಿದು ಕೂತರೆ ಕಡೆಗೆ ಎದುರಾಗುವ ಪ್ರಶ್ನೆ ಒಂದೇ: ನೆಲ ಯಾರದು, ಗೋಡೆ ಯಾರದು, ಬಾಗಿಲ ಮೇಲಿನ ಹೆಸರು ಯಾರದು? ಮೂರೂ ಒಬ್ಬರದೇ ಎಂದು ನಾವು ಅಂದುಕೊಂಡಿರುತ್ತೇವೆ. ಹಾಗಿರುವುದು ಅಪರೂಪ.

ಮೋಹನ್ ಸಿಂಗ್ ಒಬೆರಾಯ್ ಅವರ ಕಥೆ ನಿಮಗೆ ಗೊತ್ತಿರಬಹುದು. ಈಗ ಪಾಕಿಸ್ತಾನದಲ್ಲಿರುವ ಭೌನ್ ಎಂಬ ಹಳ್ಳಿಯವರು. ಕೆಲಸ ಹುಡುಕಿಕೊಂಡು ಸಿಮ್ಲಾಕ್ಕೆ ಬಂದು 1922ರಲ್ಲಿ ಸೆಸಿಲ್ ಹೋಟೆಲಿನಲ್ಲಿ ಗುಮಾಸ್ತರಾದರು. ತಿಂಗಳಿಗೆ 50 ರೂಪಾಯಿ ಸಂಬಳ. ಹನ್ನೆರಡು ವರ್ಷ ಕಳೆದ ಮೇಲೆ, 1934ರಲ್ಲಿ, ತಮ್ಮ ಇಂಗ್ಲಿಷ್ ಯಜಮಾನ ಕ್ಲಾರ್ಕ್ ಎಂಬವರಿಂದ ಅದೇ ಊರಿನ ಕ್ಲಾರ್ಕ್ಸ್ ಹೋಟೆಲನ್ನು ಕೊಂಡರು. ದುಡ್ಡು ಎಲ್ಲಿಂದ ಬಂತು? ಇದ್ದ ಆಸ್ತಿಯ ಜೊತೆಗೆ ಹೆಂಡತಿಯ ಒಡವೆಯನ್ನೂ ಅಡವಿಟ್ಟರು. ಎಲ್ಲ ಪುಸ್ತಕಗಳೂ ಇದನ್ನು ಗಂಡನ ಸಾಹಸ ಎಂದೇ ಹೇಳುತ್ತವೆ. ನನಗಂತೂ ಇದನ್ನು ಓದಿದಾಗಲೆಲ್ಲ ಬರಿಗೊರಳಲ್ಲಿ ನಿಂತ ಇಶ್ರಾನ್ ದೇವಿಯವರೇ ಕಣ್ಣಿಗೆ ಕಟ್ಟುತ್ತಾರೆ. ಬ್ಯಾಂಕುಗಳು ಭಾರತೀಯ ಗುಮಾಸ್ತನೊಬ್ಬನಿಗೆ ಹೋಟೆಲು ಕೊಳ್ಳಲು ಸಾಲ ಕೊಡುವ ಕಾಲವಲ್ಲ ಅದು. ಹಾಗಾಗಿ ಆ ಹೋಟೆಲಿನ ಮೊದಲ ಬಂಡವಾಳಗಾರರಲ್ಲಿ ಆಕೆಯೂ ಒಬ್ಬರು ಎಂದರೆ ತಪ್ಪೇನಿಲ್ಲ.

ನಾಲ್ಕು ವರ್ಷದ ನಂತರ, ಸಾಂಕ್ರಾಮಿಕ ರೋಗದಿಂದ ಹೆಸರು ಕೆಟ್ಟು ಬಾಗಿಲು ಹಾಕಿದ್ದ ಕಲ್ಕತ್ತೆಯ ಗ್ರ್ಯಾಂಡ್ ಹೋಟೆಲನ್ನು ಒಬೆರಾಯ್ ಗುತ್ತಿಗೆಗೆ ಹಿಡಿದರು. 1943ರಲ್ಲಿ ಅಸೋಸಿಯೇಟೆಡ್ ಹೋಟೆಲ್ಸ್ ಆಫ್ ಇಂಡಿಯಾ ಎಂಬ ಬಿಳಿಯರ ಕಂಪನಿಯ ಷೇರುಗಳನ್ನು ಕೊಂಡು ಅದರ ಹಿಡಿತವನ್ನೇ ಪಡೆದರು. ಆ ಕಂಪನಿಯ ಹೋಟೆಲುಗಳಲ್ಲಿ ಸೆಸಿಲ್ ಕೂಡ ಒಂದು, ಐವತ್ತು ರೂಪಾಯಿಯ ಗುಮಾಸ್ತಿಕೆಯ ಅದೇ ಸೆಸಿಲ್.

ಹೆಂಗಸರು ಸ್ವತಃ ಹೋಟೆಲು ನಡೆಸಿದ್ದಿಲ್ಲವೇ? ನಡೆಸಿದ್ದರು. ಬೆಂಗಳೂರಿನ ವೆಸ್ಟ್ ಎಂಡ್ 1887ರಲ್ಲಿ ಶುರುವಾದದ್ದು ಬ್ರಾನ್ಸನ್ ಎಂಬ ಇಂಗ್ಲಿಷ್ ಹೆಂಗಸಿನ ಹತ್ತು ಕೋಣೆಯ ವಸತಿಗೃಹವಾಗಿ. ಆಮೇಲೆ ಅದು ಸ್ಪೆನ್ಸರ್ ಕಂಪನಿಗೆ ಹೋಯಿತು. 1984ರಿಂದ ತಾಜ್ ಗುಂಪಿನ ಕೈಯಲ್ಲಿದೆ.

ನಮ್ಮವರ ಕಥೆ ಇನ್ನೂ ರುಚಿಯಾಗಿದೆ. ಕಡಂದಲೆಯ ಕೃಷ್ಣರಾಯರು ಮದರಾಸಿಗೆ ಹೋಗಿ ಅಡುಗೆಮನೆಯ ಕೆಲಸದಿಂದ ಮೇಲೆ ಬಂದವರು. 1930ರ ದಶಕದ ಕೊನೆಯಲ್ಲಿ ರಾಯಪೇಟೆಯಲ್ಲಿ ರಾಮನಾಡಿನ ರಾಜರ ಬಂಗಲೆಯನ್ನು ಬಾಡಿಗೆಗೆ ಹಿಡಿದು ವಸತಿ ಹೋಟೆಲು ತೆರೆದರು. ಆ ಬಂಗಲೆಯ ಹೆಸರು ವುಡ್‌ಲ್ಯಾಂಡ್ಸ್. ರಾಯರು ಅದನ್ನೇ ಹೋಟೆಲಿಗೂ ಇಟ್ಟರು. ಬಾಡಿಗೆ ಮನೆ ಬಿಟ್ಟು ಬರಬೇಕಾದಾಗ ಗೋಡೆಗಳು ರಾಜರಿಗೇ ಉಳಿದವು, ಹೆಸರು ಮಾತ್ರ ರಾಯರ ಜೊತೆ ಹೊರಟು ಬಂತು! ಮೈಲಾಪುರದ ಹೊಸ ಜಾಗ ‘ನ್ಯೂ ವುಡ್‌ಲ್ಯಾಂಡ್ಸ್’ ಆಯಿತು. ಇಂದು ದೊಡ್ಡ ದೊಡ್ಡ ಕಂಪನಿಗಳು ‘ಬ್ರ್ಯಾಂಡು’ ಎಂದು ಕೋಟಿಗಟ್ಟಲೆ ಬೆಲೆ ಕಟ್ಟುವುದು ಇದಕ್ಕೇ. ಅದು ರಾಯರಿಗೆ ಪಾಠ ಹೇಳಿಸಿಕೊಳ್ಳದೆಯೇ ತಿಳಿದಿತ್ತು.

ಆದರೆ ಹೆಸರು ಎಷ್ಟೇ ಗಟ್ಟಿಯಿದ್ದರೂ ನೆಲ ಸಡಿಲವಾದರೆ ಹೋಟೆಲು ನಿಲ್ಲುವುದಿಲ್ಲ. ಅದೇ ಮದರಾಸಿನ ಕೆಥೆಡ್ರಲ್ ರಸ್ತೆಯಲ್ಲಿ 1962ರಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಶುರುವಾಯಿತು. ಕಾರಿನಲ್ಲೇ ಕುಳಿತು ದೋಸೆ ತಿನ್ನುವ ಹೊಸತು. ಜಾಗ ಮಾತ್ರ ಕೃಷಿ-ತೋಟಗಾರಿಕೆ ಸಂಘವೊಂದರ ಕೈಯಲ್ಲಿದ್ದದ್ದು. ಆ ನೆಲದ ಬಗ್ಗೆ ಸರ್ಕಾರಕ್ಕೂ ಸಂಘಕ್ಕೂ ವ್ಯಾಜ್ಯ ನಡೆದು, 2008ರಲ್ಲಿ ಹೋಟೆಲು ಮುಚ್ಚಿತು. 2010ರಲ್ಲಿ ಅಲ್ಲಿ ಸೆಮ್ಮೊಳಿ ಪೂಂಗಾ ಎಂಬ ಸರ್ಕಾರಿ ಉದ್ಯಾನ ತೆರೆಯಿತು. ನಲವತ್ತಾರು ವರ್ಷ ದೋಸೆ ಹುಯ್ದವರಿಗೆ ಆ ವ್ಯಾಜ್ಯದಲ್ಲಿ ಹೇಳಿಕೊಳ್ಳುವಂಥ ಪಾತ್ರವೇ ಇರಲಿಲ್ಲ. ಅವರು ಒಕ್ಕಲು, ಅಷ್ಟೆ.

ಒಕ್ಕಲು ಎಂದೆ. ಈ ಮಾತನ್ನು ಕಾನೂನು ಬಹಳ ಸೂಕ್ಷ್ಮವಾಗಿ ಸೀಳುತ್ತದೆ. ನಿಮ್ಮ ಮನೆಯ ಹಿಂದಿನ ಭಾಗವನ್ನು ಬಾಡಿಗೆಗೆ ಕೊಟ್ಟಿರಿ ಎನ್ನಿ. ಆ ಬಾಗಿಲ ಬೀಗದ ಕೈ ಬಾಡಿಗೆದಾರರದು, ನೀವು ಹೇಳದೆ ಕೇಳದೆ ಒಳಗೆ ಹೋಗುವಂತಿಲ್ಲ. ಇದು ಲೀಸ್, ಅಂದರೆ ಗುತ್ತಿಗೆ. ಪಕ್ಕದ ಮನೆಯಾಕೆಗೆ ನಿಮ್ಮ ಮಹಡಿಯ ಮೇಲೆ ಹಪ್ಪಳ ಒಣಗಿಸಿಕೊಳ್ಳಮ್ಮ ಎಂದಿರಿ. ಮಹಡಿ ನಿಮ್ಮದೇ, ಆಕೆಗಿರುವುದು ಬರೀ ಅನುಮತಿ. ಇದು ಲೈಸೆನ್ಸ್. ಮೊದಲನೆಯದು ಆಸ್ತಿ ವರ್ಗಾವಣೆ ಕಾಯ್ದೆಯಲ್ಲಿದೆ, ಎರಡನೆಯದು ಈಸ್‌ಮೆಂಟ್ಸ್ ಕಾಯ್ದೆಯಲ್ಲಿ. ಎರಡೂ ಹುಟ್ಟಿದ್ದು 1882ರಲ್ಲೇ, ಒಂದೇ ವರ್ಷದ ಅಕ್ಕತಂಗಿಯರು.

ಇವರಿಬ್ಬರನ್ನು ಬೇರೆ ಬೇರೆ ಗುರುತಿಸುವ ಬಗೆಯನ್ನು ನಮ್ಮ ಸುಪ್ರೀಂ ಕೋರ್ಟು ವಿವರವಾಗಿ ಹೇಳಿದ್ದು ಒಂದು ಹೋಟೆಲಿನ ಮೊಕದ್ದಮೆಯಲ್ಲಿ. ದೆಹಲಿಯ ಇಂಪೀರಿಯಲ್ ಹೋಟೆಲಿನಲ್ಲಿ ಹೆಂಗಸರ ಮತ್ತು ಗಂಡಸರ ಕ್ಲೋಕ್‌ರೂಮುಗಳ ಜಾಗ ಹಿಡಿದು ಕೇಶಾಲಂಕಾರದ ಅಂಗಡಿ ನಡೆಸುತ್ತಿದ್ದವರೊಬ್ಬರಿದ್ದರು. 1949ರ ಕರಾರಿನಂತೆ ವರ್ಷಕ್ಕೆ 9,600 ರೂಪಾಯಿ ಕೊಡಬೇಕು. ಬಾಡಿಗೆ ಹೆಚ್ಚಾಯಿತು, ನ್ಯಾಯವಾದ ದರ ನಿಗದಿ ಮಾಡಿ ಎಂದು ಅವರು ಬಾಡಿಗೆ ನಿಯಂತ್ರಕರ ಬಳಿ ಹೋದರು. ಎದುರಾಳಿ ಒಬೆರಾಯ್ ಕೊಂಡಿದ್ದ ಅದೇ ಅಸೋಸಿಯೇಟೆಡ್ ಹೋಟೆಲ್ಸ್ ಕಂಪನಿ. ಇದು ಬಾಡಿಗೆಯೇ ಅಲ್ಲ, ಕರಾರಿನಲ್ಲಿ ಲೈಸೆನ್ಸ್ ಎಂದು ಬರೆದಿದೆ ನೋಡಿ ಎಂದಿತು ಕಂಪನಿ. 1959ರಲ್ಲಿ ತೀರ್ಪು ಬಂತು. ಕಾಗದದಲ್ಲಿ ಏನೆಂದು ಹೆಸರಿಟ್ಟಿದ್ದೀರಿ ಎಂಬುದು ಮುಖ್ಯವಲ್ಲ, ಜಾಗದ ಸ್ವಾಧೀನ ನಿಜವಾಗಿ ಯಾರದು, ಇಬ್ಬರ ಉದ್ದೇಶ ಏನಿತ್ತು ಎಂದು ನೋಡಬೇಕು ಎಂದು ನ್ಯಾಯಮೂರ್ತಿ ಸುಬ್ಬರಾಯರು ಬರೆದರು. ಆ ಲೆಕ್ಕದಲ್ಲಿ ಅದು ಲೀಸೇ ಆಯಿತು.

ಹಾಗಾದರೆ ಅಂಗಡಿಯವರು ಗೆದ್ದರೇ? ಇಲ್ಲ! ಹೋಟೆಲಿನೊಳಗಿನ ಕೋಣೆಗೆ ಬಾಡಿಗೆ ನಿಯಂತ್ರಣ ಕಾಯ್ದೆಯೇ ಅನ್ವಯಿಸದು ಎಂಬ ಇನ್ನೊಂದು ಕಲಮು ಇತ್ತು. ಹೋಟೆಲಿನ ಅತಿಥಿಗಳ ಸೇವೆಗೆಂದೇ ಇರುವ ಅಂಗಡಿ ಹೋಟೆಲಿನ ಕೋಣೆಯೇ ಎಂದು ಮೂವರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಅಭಿಪ್ರಾಯಪಟ್ಟರು. ವಾದದಲ್ಲಿ ಗೆದ್ದು ಮೊಕದ್ದಮೆಯಲ್ಲಿ ಸೋಲುವುದು ಎಂದರೆ ಇದು. ಸೋತವರ ಆ ಮೊಕದ್ದಮೆಯನ್ನು ಇಂದಿಗೂ ಲೀಸು-ಲೈಸೆನ್ಸಿನ ಜಗಳ ಬಂದಾಗಲೆಲ್ಲ ವಕೀಲರು ಉದಾಹರಿಸುತ್ತಾರೆ.

ಇದರಿಂದ ದೊಡ್ಡ ಹೋಟೆಲಿನವರಿಗೂ ಬಿಡುಗಡೆಯಿಲ್ಲ. ದೆಹಲಿಯ ಮಾನ್‌ಸಿಂಗ್ ರಸ್ತೆಯ ತಾಜ್ 1978ರಲ್ಲಿ ತೆರೆದದ್ದು ನವದೆಹಲಿ ಪುರಸಭೆಯ ಆಸ್ತಿಯಲ್ಲಿ, 33 ವರ್ಷದ ಲೈಸೆನ್ಸಿನ ಮೇಲೆ. 2011ರಲ್ಲಿ ಅವಧಿ ಮುಗಿಯಿತು. ಸ್ವಲ್ಪ ಸ್ವಲ್ಪವಾಗಿ ಮುಂದೂಡುತ್ತ ಬಂದು, ಕಡೆಗೆ ಪುರಸಭೆ ಹರಾಜು ಮಾಡುತ್ತೇನೆಂದಿತು. ತಾಜ್‌ನವರು ಕೋರ್ಟಿಗೆ ಹೋದರು. 2017ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಹರಾಜಿಗೆ ಒಪ್ಪಿಗೆ ಕೊಟ್ಟಿತು. 2018ರಲ್ಲಿ ಹರಾಜು ಕೂಗಿದಾಗ ಗೆದ್ದವರು ಯಾರು? ತಾಜ್‌ನವರೇ! ತಮ್ಮ ಹೋಟೆಲನ್ನು ತಾವೇ ಹರಾಜಿನಲ್ಲಿ ಹಿಡಿದು ಮತ್ತೆ 33 ವರ್ಷಕ್ಕೆ ಪಡೆದರು, ಒಟ್ಟು ವರಮಾನದ ಶೇಕಡಾ 32.5ನ್ನು ಪುರಸಭೆಗೆ ಕೊಡುವ ಷರತ್ತಿನ ಮೇಲೆ. ನೂರು ರೂಪಾಯಿ ಬಂದರೆ ಲಾಭ ನಷ್ಟದ ಮಾತೆತ್ತುವ ಮೊದಲೇ ಮೂರನೇ ಒಂದು ಪಾಲು ಹತ್ತಿರ ಹತ್ತಿರ ನೆಲದೊಡೆಯನಿಗೆ. ಗೇಣಿ ಕೊಟ್ಟ ಮನೆತನದ ಹೆಣ್ಣುಮಕ್ಕಳಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಸರ್ಕಾರವೂ ಹೋಟೆಲು ಕಟ್ಟಿತ್ತು, ನಡೆಸಿತ್ತು. ಮೈಸೂರಿನ ಲಲಿತ ಮಹಲು 1921ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಅತಿಥಿ ಅರಮನೆ. 1974ರಲ್ಲಿ ಕೇಂದ್ರದ ಪ್ರವಾಸೋದ್ಯಮ ನಿಗಮದ ಹೋಟೆಲಾಯಿತು. ನಾನು ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗಲೆಲ್ಲ ಹೊರಗಿನಿಂದಲೇ ತೋರಿಸಿ ಬಂದಿದ್ದೇನೆ. ಒಳಗಿನ ಒಂದು ಕಾಫಿಯ ಬೆಲೆಗೆ ಹೊರಗೆ ಇಡೀ ತರಗತಿಗೆ ಚುರುಮುರಿ ಕೊಡಿಸಬಹುದಿತ್ತು. 2001ರ ಸುಮಾರಿಗೆ ಸರ್ಕಾರಕ್ಕೆ ಹೋಟೆಲು ನಡೆಸುವ ಉಸಾಬರಿ ಸಾಕಾಯಿತು. ಹಾಸನದ ಅಶೋಕವನ್ನು ಮಾರಿದರು. ಬೆಂಗಳೂರಿನ ಅಶೋಕವನ್ನು ಮಾತ್ರ ಮಾರದೆ, 30 ವರ್ಷದ ಗುತ್ತಿಗೆಗೆ ಖಾಸಗಿ ಕಂಪನಿಯೊಂದಕ್ಕೆ ಒಪ್ಪಿಸಿದರು. ಲಲಿತ ಮಹಲು 2018ರಲ್ಲಿ ನಮ್ಮ ರಾಜ್ಯಕ್ಕೇ ಮರಳಿ, ಜಂಗಲ್ ಲಾಡ್ಜಸ್‌ನವರ ಕೈಗೆ ಬಂತು.

ಈಗಿನ ವ್ಯವಹಾರವೇ ಬೇರೆ. ಹೋಟೆಲು ನಡೆಸುವ ದೊಡ್ಡ ಹೆಸರಿನವರು ನೆಲ ಕೊಳ್ಳುವುದನ್ನೂ ಕಟ್ಟಡ ಕಟ್ಟುವುದನ್ನೂ ಕಡಿಮೆ ಮಾಡಿದ್ದಾರೆ. ಸ್ಥಳೀಯ ಶ್ರೀಮಂತರು ಕಟ್ಟುತ್ತಾರೆ, ಬ್ಯಾಂಕಿನ ಸಾಲ ಅವರ ತಲೆಯ ಮೇಲೆ. ಹೆಸರಿನವರು ಬೋರ್ಡು ಹಾಕಿ, ಮ್ಯಾನೇಜರನ್ನು ಕಳಿಸಿ, ವರಮಾನದಲ್ಲೂ ಲಾಭದಲ್ಲೂ ಇಷ್ಟು ಪಾಲು ಎಂದು ತೆಗೆದುಕೊಳ್ಳುತ್ತಾರೆ. ಕೋಣೆ ಖಾಲಿ ಬಿದ್ದರೆ ಬಡ್ಡಿ ಕಟ್ಟುವವನು ಕಟ್ಟಿದವನೇ. ಇದರಲ್ಲಿ ಜಾಣರು ಯಾರೆಂದು ನನ್ನ ಹತ್ತನೇ ತರಗತಿಯ ಹುಡುಗಿಯರೂ ಹೇಳಿಯಾರು.

ಹೆಸರಿನ ವಿಷಯಕ್ಕೆ ಬಂದರೆ ಲೀಲಾ ಹೋಟೆಲುಗಳನ್ನು ಬಿಡುವಂತಿಲ್ಲ. ಕಣ್ಣೂರಿನ ಕ್ಯಾಪ್ಟನ್ ಕೃಷ್ಣನ್ ನಾಯರ್ ತಮ್ಮ ಹೋಟೆಲುಗಳಿಗೆ ಇಟ್ಟದ್ದು ಹೆಂಡತಿಯ ಹೆಸರು. ಬೆಂಗಳೂರಿನದು ಮೈಸೂರು ಅರಮನೆಯ ಮಾದರಿಯಲ್ಲಿ 2001ರಲ್ಲಿ ತೆರೆಯಿತು. ಕಟ್ಟಿದ ಸಾಲ ಬೆಳೆಯಿತು. ನಾಯರ್ 2014ರಲ್ಲಿ ತೀರಿಕೊಂಡರು. 2019ರಲ್ಲಿ ಬೆಂಗಳೂರು, ದೆಹಲಿ, ಚೆನ್ನೈ, ಉದಯಪುರದ ಹೋಟೆಲುಗಳನ್ನು ಕೆನಡಾದ ಬ್ರೂಕ್‌ಫೀಲ್ಡ್ ಕಂಪನಿ 3,950 ಕೋಟಿ ರೂಪಾಯಿಗೆ ಕೊಂಡಿತು. ಮುಂಬಯಿಯದೊಂದು ಮನೆತನದಲ್ಲಿ ಉಳಿಯಿತು. ಗೋಡೆಗಳ ಜೊತೆಗೆ ‘ಲೀಲಾ’ ಎಂಬ ಹೆಸರೂ ಕೊಂಡವರ ಪಾಲಿಗೆ ಹೋಯಿತು. ಇಶ್ರಾನ್ ದೇವಿಯವರು ಕೊಟ್ಟದ್ದು ಒಡವೆ. ಅಡವಿಟ್ಟ ಒಡವೆಯನ್ನು ಬಿಡಿಸಿಕೊಂಡು ಮತ್ತೆ ಕೊರಳಿಗೆ ಹಾಕಿಕೊಳ್ಳಬಹುದು.

ಆ ಹೋಟೆಲುಗಳ ಒಡೆತನದ ಕಂಪನಿಗೆ ಷ್ಲಾಸ್ ಬೆಂಗಳೂರು ಎಂದು ಹೆಸರಿಟ್ಟಿದ್ದರು. ಷ್ಲಾಸ್ ಎಂದರೆ ಜರ್ಮನ್ ಭಾಷೆಯಲ್ಲಿ ಅರಮನೆ. 2025ರ ಮೇ ತಿಂಗಳಲ್ಲಿ ಅದು 3,500 ಕೋಟಿ ರೂಪಾಯಿಗೆ ಷೇರುಗಳನ್ನು ಮಾರಿತು. ಬಂದ ಹಣದ ದೊಡ್ಡ ಪಾಲು ಸಾಲ ತೀರಿಸುವುದಕ್ಕೇ. ನಮ್ಮ ಸ್ಟಾಫ್ ರೂಮಿನಲ್ಲೂ ಆ ವಾರ ಇದೇ ಮಾತು. ಷೇರೊಂದಕ್ಕೆ 435 ರೂಪಾಯಿ, ಹಾಕಲೇ ಬೇಡವೇ ಎಂದು ಕನ್ನಡ ಪಂಡಿತರು ಕೇಳಿದರು. ನೆಲ ಯಾರದು ಎಂದು ಮೊದಲು ವಿಚಾರಿಸಿ ಮೇಷ್ಟ್ರೇ ಎಂದೆ. ಜೂನ್ 2ರಂದು ಷೇರುಪೇಟೆಯಲ್ಲಿ ಅದು ಕೊಟ್ಟ ಬೆಲೆಗಿಂತ ಕೆಳಗೇ ತೆರೆಯಿತು. ಪಂಡಿತರು ಅಷ್ಟರಲ್ಲಿ ಆ ದುಡ್ಡಿನಲ್ಲಿ ಮಗಳಿಗೆ ಒಂದು ಜೊತೆ ಓಲೆ ಮಾಡಿಸಿದ್ದರು.