ಪರಿಹಾರದ ಲೆಕ್ಕ ಮತ್ತು ಜರ್ಮನಿಯ ವಿಭಜನೆ

ಜರ್ಮನಿ ಎರಡಾದದ್ದನ್ನು ಬಂಡವಾಳಶಾಹಿ ಮತ್ತು ಕಮ್ಯುನಿಸಂಗಳ ತಾತ್ವಿಕ ಸಂಘರ್ಷದ ಫಲವೆಂದು ವಿವರಿಸುವುದು ರೂಢಿಯಾಗಿದ್ದರೂ, ಹಿಟ್ಲರನ ವಿರುದ್ಧ ಒಂದಾಗಿ ಹೋರಾಡಿದ ಮಿತ್ರರಾಷ್ಟ್ರಗಳ ನಡುವಣ ಬಿರುಕು ಅಗಲವಾದದ್ದು ಮುಖ್ಯವಾಗಿ ಯುದ್ಧಪರಿಹಾರದ, ಅಂದರೆ ಸೋತ ದೇಶವು ತಾನು ಮಾಡಿದ ಹಾನಿಗಾಗಿ ತೆರಬೇಕಾದ ದಂಡದ, ಲೆಕ್ಕಾಚಾರದಲ್ಲಿ. ಸಂಶಯವಂತೂ ಯುದ್ಧ ಮುಗಿಯುವ ಮೊದಲೇ ಹುಟ್ಟಿತ್ತು. ಇಟಲಿಯಲ್ಲಿದ್ದ ಜರ್ಮನ್ ಸೇನೆಯ ಶರಣಾಗತಿಯ ಬಗ್ಗೆ 1945ರ ಮಾರ್ಚ್‌ನಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅಮೆರಿಕನ್ನರು ಗುಟ್ಟಾಗಿ ಮಾತುಕತೆ ನಡೆಸಿದಾಗ, ತಮ್ಮವರನ್ನು ಹೊರಗಿಟ್ಟರೆಂದು ಸೋವಿಯತ್ ನಾಯಕ ಸ್ಟಾಲಿನ್ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟರಿಗೆ ಕಟುವಾದ ಪತ್ರ ಬರೆದಿದ್ದರು.

ಅದರ ಹಿಂದಿನ ತಿಂಗಳು, ಫೆಬ್ರವರಿಯಲ್ಲಿ, ಮಿತ್ರರಾಷ್ಟ್ರಗಳ ಯಾಲ್ಟಾ ಸಮ್ಮೇಳನದಲ್ಲಿ, ಎರಡು ಕೋಟಿಗೂ ಹೆಚ್ಚು ಜನರನ್ನು ಕಳೆದುಕೊಂಡಿದ್ದ ಸೋವಿಯತ್ ಒಕ್ಕೂಟವು ಒಟ್ಟು 2,000 ಕೋಟಿ ಡಾಲರ್ ಪರಿಹಾರವನ್ನೂ ಅದರಲ್ಲಿ ಅರ್ಧ ಪಾಲನ್ನೂ ಕೇಳಿತು. ಅಮೆರಿಕ ಈ ಮೊತ್ತವನ್ನು ಚರ್ಚೆಯ ಆಧಾರವಾಗಿ ಮಾತ್ರ ಒಪ್ಪಿತು, ಬ್ರಿಟನ್ ಅಷ್ಟನ್ನೂ ಒಪ್ಪಲಿಲ್ಲ. ಮೊದಲ ಮಹಾಯುದ್ಧದ ನಂತರ ಜರ್ಮನಿ ಅಮೆರಿಕದಿಂದ ಸಾಲ ತಂದು ಪರಿಹಾರ ಕಟ್ಟಿದ್ದ ನೆನಪು ಪಶ್ಚಿಮದವರಲ್ಲಿ ಇನ್ನೂ ಹಸಿಯಾಗಿತ್ತು. ಪಾಟ್ಸ್‌ಡಾಮ್ ಸಮ್ಮೇಳನದಲ್ಲಿ ಪ್ರತಿಯೊಬ್ಬರೂ ಜರ್ಮನಿಯಲ್ಲಿ ತಮ್ಮ ವಶದಲ್ಲಿದ್ದ ಆಡಳಿತವಲಯದಿಂದಲೇ ಪರಿಹಾರ ಪಡೆಯಬೇಕೆಂದೂ, ಪಶ್ಚಿಮ ವಲಯಗಳಲ್ಲಿ ಹೆಚ್ಚುವರಿಯೆನಿಸಿದ ಕಾರ್ಖಾನೆಯ ಯಂತ್ರಗಳಲ್ಲಿ ಶೇ. 15ರಷ್ಟು ಆಹಾರ, ಕಲ್ಲಿದ್ದಲು ಮುಂತಾದವುಗಳಿಗೆ ಬದಲಾಗಿ, ಮತ್ತೆ ಶೇ. 10ರಷ್ಟು ಉಚಿತವಾಗಿ ಸೋವಿಯತ್ ಒಕ್ಕೂಟಕ್ಕೆ ಸಲ್ಲಬೇಕೆಂದೂ ತೀರ್ಮಾನವಾಯಿತು. ಜರ್ಮನಿಯನ್ನು ಒಂದೇ ಆರ್ಥಿಕ ಘಟಕವಾಗಿ ಕಾಣಬೇಕೆಂದು ಹೇಳಿದ ಅದೇ ಒಪ್ಪಂದವು ಪರಿಹಾರದ ವಿಷಯದಲ್ಲಿ ದೇಶವನ್ನು ಹೋಳು ಮಾಡಿತ್ತು. ಮುಂದಿನ ವಿಭಜನೆಯ ಬೀಜ ಇಲ್ಲಿಯೇ ಇತ್ತೆನ್ನಬೇಕು.

ಪೂರ್ವದ ಧಾನ್ಯ ಪಶ್ಚಿಮಕ್ಕೆ ಬರದೆ, ತಮ್ಮ ವಲಯದ ಹಸಿವನ್ನು ಅಮೆರಿಕದ ಖಜಾನೆಯೇ ನೀಗಿಸಬೇಕಾಗಿ ಬಂದಾಗ, ಅಮೆರಿಕದ ಜನರಲ್ ಲೂಸಿಯಸ್ ಕ್ಲೇ 1946ರ ಮೇ ತಿಂಗಳಲ್ಲಿ ಯಂತ್ರಗಳ ರವಾನೆಯನ್ನು ನಿಲ್ಲಿಸಿದರು. ಸೋವಿಯತ್ ದೃಷ್ಟಿಯಲ್ಲಿ ಅದು ವಚನಭಂಗ. ಇಬ್ಬರ ದೂರಿನಲ್ಲೂ ಹುರುಳಿತ್ತು. ಆದರೆ ಅವನ್ನು ಬಗೆಹರಿಸಬೇಕಿದ್ದ ಮಿತ್ರರಾಷ್ಟ್ರಗಳ ನಿಯಂತ್ರಣ ಮಂಡಳಿಯಿಂದ 1948ರ ಮಾರ್ಚ್ 20ರಂದು ಸೋವಿಯತ್ ಮಾರ್ಷಲ್ ಸೊಕೊಲೊವ್ಸ್ಕಿ ಎದ್ದು ನಡೆದರು.

ಜೂನ್‌ನಲ್ಲಿ ಪಶ್ಚಿಮದಲ್ಲಿ ಹೊಸ ಮಾರ್ಕ್ ಚಲಾವಣೆಗೆ ಬಂದೊಡನೆ ಸೋವಿಯತ್ ಪಡೆಗಳು ತಮ್ಮ ವಲಯದ ನಡುವೆ ಇದ್ದ ಪಶ್ಚಿಮ ಬರ್ಲಿನ್ನಿನ ರಸ್ತೆ, ರೈಲು, ಜಲಮಾರ್ಗಗಳನ್ನು ಮುಚ್ಚಿದವು. ರಸ್ತೆ ಮತ್ತು ರೈಲಿನ ಹಕ್ಕು 1945ರ ಬಾಯಿಮಾತಿನ ಭರವಸೆಯ ಮೇಲೆ ನಿಂತಿತ್ತು. ಮೂರು ವಾಯುಮಾರ್ಗಗಳಿಗೆ ಮಾತ್ರ ಅದೇ ವರ್ಷದ ನವೆಂಬರ್‌ನಲ್ಲಿ ಲಿಖಿತ ಒಪ್ಪಿಗೆ ದೊರೆತಿತ್ತು, ವಿಮಾನಗಳ ಮೂಲಕ ಆಹಾರ, ಕಲ್ಲಿದ್ದಲು ಸಾಗಿಸಿ ನಗರವನ್ನು ಉಳಿಸಿಕೊಳ್ಳಲು ಇದೇ ಆಸರೆಯಾಯಿತು. ದಿಗ್ಬಂಧನ 1949ರ ಮೇ 12ರಂದು ಕೊನೆಗೊಂಡಿತು. ಮೇ 23ರಂದು ಪಶ್ಚಿಮ ಜರ್ಮನಿಯೂ, ಅಕ್ಟೋಬರ್ 7ರಂದು ಪೂರ್ವ ಜರ್ಮನಿಯೂ ಪ್ರತ್ಯೇಕ ರಾಜ್ಯಗಳಾಗಿ ಸ್ಥಾಪನೆಗೊಂಡವು.