ಬಂಡೆ ನೂಕುವ ನಾಲ್ವರು ಮತ್ತು ಮೈಥಿಲಿ

ತ್ರಿಪ್ಲಿಕೇನ್‌ನ ಮ್ಯಾನ್ಶನ್ ಒಂದರಲ್ಲಿ ರೂಮು ಹಿಡಿದ ಹೊಸತರಲ್ಲಿ, ಸಂಜೆಯಾದರೆ ಮರೀನಾ ಬೀಚಿಗೆ ನಡೆದುಬಿಡುತ್ತಿದ್ದೆ. ಅಲ್ಲಿ ನಾಲ್ವರು ಗಂಡಸರು ಬಂಡೆ ನೂಕುತ್ತಿರುವ ಪ್ರತಿಮೆಯೊಂದಿದೆ. ದೇವಿಪ್ರಸಾದ್ ರಾಯ್ ಚೌಧುರಿಯವರ ಕೃತಿ, ಕಾರ್ಮಿಕರಿಗೆ ಸಲ್ಲಿಸಿದ ಗೌರವ. 1923ರ ಮೇ 1ರಂದು ಸಿಂಗಾರವೇಲರ್ ದೇಶದ ಮೊದಲ ಮೇ ದಿನ ಆಚರಿಸಿದ ಎರಡು ಜಾಗಗಳಲ್ಲಿ ತ್ರಿಪ್ಲಿಕೇನ್ ಬೀಚೂ ಒಂದು. ಕೆಂಪು ಬಾವುಟ ಸಿಗದೆ ಮಗಳ ಕೆಂಪು ಸೀರೆಯನ್ನೇ ಹಾರಿಸಿದರು ಎಂದು ಹೇಳುವುದುಂಟು. ಸೀರೆಯೇನೋ ಬಾವುಟವಾಯಿತು, ಉಡುವವಳು ಎಲ್ಲಿ ಹೋದಳು?

ಆ ಪ್ರತಿಮೆಯ ಮುಂದೆ ನಿಂತಾಗಲೆಲ್ಲ ನನಗೆ ಮೈಥಿಲಿ ಶಿವರಾಮನ್ (1939–2021) ನೆನಪಾಗುತ್ತಾರೆ. ಅಮೆರಿಕದಲ್ಲಿ ಓದಿ, ವಿಶ್ವಸಂಸ್ಥೆಯಲ್ಲಿನ ಭಾರತದ ಕಚೇರಿಯಲ್ಲಿ ದುಡಿದು, 1968ರಲ್ಲಿ ಊರಿಗೆ ಮರಳಿದವರು. ಅದೇ ಡಿಸೆಂಬರ್ 25ರ ರಾತ್ರಿ ತಂಜಾವೂರು ಸೀಮೆಯ ಕೀಳ್ವೆಣ್ಮಣಿಯಲ್ಲಿ 44 ದಲಿತರನ್ನು ಗುಡಿಸಲಿನಲ್ಲಿ ಸುಟ್ಟರು. ಹೆಚ್ಚಿನವರು ಹೆಂಗಸರು, ಮಕ್ಕಳು. ಕೂಲಿ ಕೊಂಚ ಹೆಚ್ಚು ಕೇಳಿದ್ದೇ ಅವರ ತಪ್ಪು. ಕಾರು ಇಟ್ಟುಕೊಂಡ ಜಮೀನ್ದಾರರು ನಡೆದುಹೋಗಿ ಬೆಂಕಿ ಹಚ್ಚಿಯಾರೇ ಎಂಬ ಧಾಟಿಯಲ್ಲಿ ಹೈಕೋರ್ಟು ಆರೋಪಿಗಳನ್ನು ಬಿಟ್ಟಿತು. 1973ರಲ್ಲಿ ಮೈಥಿಲಿ ಆ ತೀರ್ಪಿನ ಮೇಲೆ ಬರೆದ ಲೇಖನದ ತಲೆಬರಹದಲ್ಲೇ ಆ ಜಮೀನ್ದಾರರನ್ನು ‘ಸಭ್ಯ ಕೊಲೆಗಾರರು’ ಎಂದು ಕರೆದರು.

ಅವರು ಸಿಪಿಎಂ ಸೇರಿದರು, ಕಾರ್ಮಿಕ ಸಂಘಗಳಲ್ಲಿ ದುಡಿದರು. ಹೆಣ್ಣಿನ ಪ್ರಶ್ನೆ ಕ್ರಾಂತಿಯಾದ ಮೇಲೆ ನೋಡಿಕೊಳ್ಳುವ ಬಾಕಿ ಲೆಕ್ಕ ಎಂದು ಅವರು ಒಪ್ಪಲಿಲ್ಲ. ಜಾತಿ, ಕೂಲಿ, ಹೆಣ್ತನ ಮೂರೂ ಒಂದೇ ಮೈಮೇಲೆ ಬೀಳುವ ಏಟುಗಳು ಎಂಬುದನ್ನು ಅವರ ಬದುಕೇ ಹೇಳುತ್ತದೆ. ನಮ್ಮ ಕರ್ನಾಟಕದಲ್ಲೂ ಹೆಸರಾದ ಜನವಾದಿ ಮಹಿಳಾ ಸಂಘಟನೆ 1981ರಲ್ಲಿ ಹುಟ್ಟಿದ್ದು ಮದ್ರಾಸಿನಲ್ಲೇ. ಕಟ್ಟಿದವರಲ್ಲಿ ಅವರೂ ಒಬ್ಬರು. 1992ರಲ್ಲಿ ಧರ್ಮಪುರಿ ಜಿಲ್ಲೆಯ ವಾಚಾತ್ತಿ ಎಂಬ ಬುಡಕಟ್ಟು ಹಳ್ಳಿಯಲ್ಲಿ ಶ್ರೀಗಂಧ ಹುಡುಕುವ ನೆಪದಲ್ಲಿ ಸರ್ಕಾರಿ ಸಿಬ್ಬಂದಿ 18 ಹೆಂಗಸರ ಮೇಲೆ ಅತ್ಯಾಚಾರ ಎಸಗಿದಾಗ, ಆ ಹೆಂಗಸರ ಮಾತನ್ನು ಹೊರಜಗತ್ತಿಗೆ ಮುಟ್ಟಿಸಿದವರಲ್ಲಿ ಅವರಿದ್ದರು. 2011ರಲ್ಲಿ ಆರೋಪ ಹೊತ್ತ 269 ಮಂದಿಯೂ ತಪ್ಪಿತಸ್ಥರೆಂದು ತೀರ್ಪಾಯಿತು. ಅಷ್ಟರಲ್ಲಿ 54 ಮಂದಿ ತೀರಿಕೊಂಡಿದ್ದರು.

ಮೈಥಿಲಿ ತಮ್ಮ ಮನೆಯೊಳಗನ್ನೂ ಬಿಡಲಿಲ್ಲ. ಅಜ್ಜಿ ಸುಬ್ಬಲಕ್ಷ್ಮಿಗೆ 11ಕ್ಕೆ ಮದುವೆ, 14ಕ್ಕೆ ಬಾಣಂತನ. ಆಕೆ ಉಳಿಸಿಹೋದ ದಿನಚರಿ, ಕಾಗದ, ಪುಸ್ತಕಗಳನ್ನು ಹೆಕ್ಕಿ 2006ರಲ್ಲಿ ಆಕೆಯ ಜೀವನಚರಿತ್ರೆ ಬರೆದರು.

ಹೀಗೆ ಇತರರ ನೆನಪನ್ನು ಕಾಪಿಟ್ಟವರನ್ನೇ ಕೊನೆಯ ವರ್ಷಗಳಲ್ಲಿ ಮರೆವಿನ ಕಾಯಿಲೆ ಹಿಡಿಯಿತು. 2021ರ ಮೇ 30ರಂದು ಕೋವಿಡ್‌ನಿಂದ ತೀರಿಕೊಂಡರು.

ಈಗಲೂ ಬೀಚಿಗೆ ಹೋಗುತ್ತೇನೆ. ಪ್ರತಿಮೆಯ ಕೆಳಗೆ ಹೆಂಗಸರು ಸುಂಡಲ್ ಮಾರುತ್ತಿರುತ್ತಾರೆ. ಬಂಡೆ ನೂಕುವುದರಲ್ಲಿ ಅವರ ಪಾಲೆಷ್ಟೆಂದು ಲೆಕ್ಕ ಇಟ್ಟವರೊಬ್ಬರು ಈ ಊರಲ್ಲಿದ್ದರಲ್ಲ ಎಂದುಕೊಂಡು ಪೊಟ್ಟಣ ಕೊಳ್ಳುತ್ತೇನೆ.